ಹೊಲದ ಕಾಗದದಲ್ಲಿ ಸಿಕ್ಕ ಮುತ್ತಜ್ಜಿ
(ಮಠದ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಿವೃತ್ತನಾದ ಮೇಲೆ ಮನೆತನದ ವಂಶಾವಳಿ ಬರೆಯಲು ಕುಳಿತೆ. ಅಜ್ಜ, ಮುತ್ತಜ್ಜ, ಅವರಪ್ಪ, ಗಂಡಸರ ಹೆಸರೆಲ್ಲ ಸಿಕ್ಕವು. ಮುತ್ತಜ್ಜಿಯ ಹೆಸರು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ‘ಹಿರ್ಯಾಕಿ’ ಅನ್ನುತ್ತಿದ್ದರಂತೆ, ಅಷ್ಟೆ. ಆಗ ಹೊಲದ ಕಾಗದಗಳ ಬೆನ್ನುಹತ್ತಿದೆ.

ದಾರಿ ಕಷ್ಟದ್ದಲ್ಲ, ತಾಳ್ಮೆ ಬೇಕು. ಈಗಿನ ಪಹಣಿಯಲ್ಲಿ ಸರ್ವೇ ನಂಬರಿನ ಜೊತೆಗೆ, ಹಕ್ಕು ಯಾವ ನೋಂದಿನಿಂದ ಬಂತೆಂಬ ಸಂಖ್ಯೆಯೂ ಇರುತ್ತದೆ. ಅದನ್ನು ಹಿಡಿದು ತಹಶೀಲ್ದಾರ ಕಚೇರಿಯಲ್ಲಿ ಹಕ್ಕು ಬದಲಾವಣೆಯ ಹಳೆಯ ಪುಸ್ತಕದ ನಕಲು ಕೇಳಬೇಕು. ವಾರಸಾ, ವಾಟ್ನಿ, ಖರೀದಿ ಎಂದು ಕಾರಣ ಬರೆದಿರುತ್ತದೆ. ಖರೀದಿಯಾಗಿದ್ದರೆ ಸಬ್ ರಿಜಿಸ್ಟ್ರಾರ ಕಚೇರಿಗೆ ಹೋಗಬೇಕು. 1908ರ ನೋಂದಣಿ ಕಾಯ್ದೆಯಂತೆ, ಸ್ಥಿರಾಸ್ತಿ ಪತ್ರಗಳನ್ನು ದಾಖಲಿಸಿದ ಒಂದನೆಯ ಪುಸ್ತಕವನ್ನು ಫೀ ಕಟ್ಟಿ ಯಾರಾದರೂ ನೋಡಬಹುದು. ನಮ್ಮ ಕಡೆ ಮುಂಬೈ ಪ್ರಾಂತದ ಕಾಲದ ಕಾಗದಗಳಲ್ಲಿ ಮೋಡಿ ಲಿಪಿಯೂ ಎದುರಾಗುತ್ತದೆ. ಅದನ್ನು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿಕೊಳ್ಳಿ.

1931ರ ಖರೀದಿ ಪತ್ರ ಸಿಕ್ಕಿತು. ‘ಅಜ್ಜ ಗಳಿಸಿದ ಹೊಲ’ ಎಂದು ನಾವು ಹೆಮ್ಮೆಪಡುತ್ತಿದ್ದ ಆ ಎರಡೆಕರೆಯದು. ಕೊಂಡವರ ಹೆಸರಿನ ಮುಂದೆ ‘ಕೋಂ’ ಎಂದಿತ್ತು. ಹಾಗೆಂದರೆ ಇಂಥವರ ಹೆಂಡತಿ. ಮುಂದೆ ಅ.ಪಾ.ಕ., ಅಂದರೆ ಅಜ್ಞಾನ ಮಕ್ಕಳ ಪಾಲನಕರ್ತೆ. ಮುತ್ತಜ್ಜ ಲಿಂಗೈಕ್ಯನಾಗಿದ್ದ, ಅಜ್ಜ ಇನ್ನೂ ಸಣ್ಣ ಹುಡುಗ. ಹೊಲ ಕೊಂಡವಳು ಆಕೆ! ಹೆಸರಿನ ಪಕ್ಕ ಹೆಬ್ಬೆಟ್ಟಿನ ಗುರುತು.

ಪತ್ರದ ಚಕಬಂದಿಯನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಹಾರಿಸಬೇಡಿ. ಆಜುಬಾಜು ಹೊಲದವರು ಎಷ್ಟೋ ಸಲ ಸಂಬಂಧಿಕರೇ ಇರುತ್ತಾರೆ. ಮೂಡಲ ದಿಕ್ಕಿಗೆ ಬರೆದಿದ್ದ ಮನೆತನ ಇನ್ನೂ ಊರಲ್ಲಿದೆ. ಅವರ ಮನೆಯ ಮುದುಕಿಯನ್ನು ಕೇಳಿದರೆ, “ನಿಮ್ಮ ಹಿರ್ಯಾಕಿ ನಮ್ಮ ಮನಿ ಮಗಳಲ್ಲೇನೋ ತಮ್ಮಾ” ಅಂದಳು. ನೂರು ವರ್ಷದ ಬೀಗತನ ನಮಗೆ ಮರೆತೇಹೋಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಸಂತೋಷವಾಗಿ ಮನೆಗೆ ಹೋಗುತ್ತಿದ್ದೆ. ಅದೇ ಸರ್ವೇ ನಂಬರಿನಲ್ಲಿ ಇನ್ನೊಂದು ಕಾಗದ ಬಂತು. ಅಪ್ಪ ಲಿಂಗೈಕ್ಯರಾದ ಮೇಲೆ ನಮ್ಮಕ್ಕನಿಂದ ಬರೆಸಿಕೊಂಡ ಹಕ್ಕು ಬಿಟ್ಟ ಪತ್ರ. ಬರೆಸಿಕೊಂಡವರಲ್ಲಿ ನನ್ನ ಸಹಿಯೂ ಇದೆ, ದುಂಡಗಿನ ಅಕ್ಷರದಲ್ಲಿ. 1956ರ ಉತ್ತರಾಧಿಕಾರ ಕಾಯ್ದೆಯೇ ಅಪ್ಪನ ಪಾಲಿನಲ್ಲಿ ಆಕೆಗೆ ಹಕ್ಕು ಕೊಟ್ಟಿತ್ತು. ಆ ಕಾಯ್ದೆಯ ಎರಡನೆಯ ಕಲಮಿನಲ್ಲಿ ಲಿಂಗಾಯತರ ಹೆಸರನ್ನೇ ಬಿಡಿಸಿ ಬರೆದಿದೆ. ಬಸವ ಜಯಂತಿಗಳಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ನಾನು ಎಷ್ಟು ಸಲ ಮಾತಾಡಿದ್ದೇನೋ! ನಾವು ಆಕೆಗೆ ಕೊಟ್ಟದ್ದು ಒಂದು ಸೀರೆ.

ನಕಲು ತೆಗೆದುಕೊಂಡು ಅಕ್ಕನ ಊರಿಗೆ ಹೋದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. “ಅವತ್ತ ಇದನ್ನ ಯಾರೂ ಓದಿ ಹೇಳಲಿಲ್ಲಪಾ” ಅಂದಳು.

ಹಿರ್ಯಾಕಿ ಕೊಂಡ ಆ ಎರಡೆಕರೆಯನ್ನು ಅಕ್ಕನ ಹೆಸರಿಗೆ ಮಾಡಿಸಬೇಕೆಂದು ಹೊರಟಿದ್ದೇನೆ. ತಮ್ಮಂದಿರಲ್ಲಿ ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬ ಇಲ್ಲೇ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ.