ಪಾಸ್‌ಬುಕ್ಕು ಯಾರ ಕೈಯಲ್ಲಿದೆ?

(ದೊಡ್ಡಬಳ್ಳಾಪುರದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ನಮ್ಮ ರಾಜ್ಯದ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. 2010ರಲ್ಲಿ ಅದು ಅರ್ಧಕ್ಕೆ ಏರಿತು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು ಊರೂರಲ್ಲೂ ಸಂಘಗಳು ಹುಟ್ಟಿದವು. ಕುರ್ಚಿಯೇನೋ ಸಿಕ್ಕಿತು. ಅಧಿಕಾರ ಸಿಕ್ಕಿತೇ?

ಮಗ್ಗದ ಮನೆಗಳಲ್ಲಿ ನೋಡಿದ್ದೇವೆ: ಕಂಡಿಕೆ ಸುತ್ತುವವಳು ಹೆಂಗಸು, ಸೀರೆ ಮಾರಿದ ಹಣ ಎಣಿಸುವವನು ಗಂಡಸು. ಪಂಚಾಯಿತಿಯಲ್ಲಿ ಸಹಿ ಅಧ್ಯಕ್ಷೆಯದು, ಮಾತು ಗಂಡನದು. ಸಂಘದಲ್ಲೂ ಒಬ್ಬಳೇ ಪ್ರತಿನಿಧಿ ವರ್ಷಗಟ್ಟಲೆ ಪಾಸ್‌ಬುಕ್ಕು, ಲೆಕ್ಕದ ಪುಸ್ತಕ ಹಿಡಿದು ಕೂತರೆ ಮನೆಯ ಯಜಮಾನಿಕೆ ಇಲ್ಲಿಗೂ ಬಂದ ಹಾಗೆ.

ನಮ್ಮ ಸಂಘದಲ್ಲಿ ಒಬ್ಬ ತಂಗಿ ಸಾಲ ಕೇಳಿದಳು. ಏತಕ್ಕಮ್ಮ ಎಂದು ಎಲ್ಲರೂ ಕೂತು ವಿಚಾರಿಸಿದಾಗ ಅತ್ತಳು. ಬೈಕಿಗೆ ತವರಿನಿಂದ ಹಣ ತಾ ಎಂದು ಗಂಡ ಹೊಡೆಯುತ್ತಿದ್ದ. ಪ್ರತಿನಿಧಿಯೊಬ್ಬಳೇ ತೀರ್ಮಾನಿಸಿದ್ದರೆ ನಮ್ಮ ಉಳಿತಾಯವೇ ವರದಕ್ಷಿಣೆಯಾಗುತ್ತಿತ್ತು. ನಾವು ಸಾಲ ಕೊಡಲಿಲ್ಲ; ಅವಳ ಜೊತೆ ಸಿಡಿಪಿಓ ಕಚೇರಿಗೆ ಹೋದೆವು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮಲ್ಲಿ ಸಂರಕ್ಷಣಾಧಿಕಾರಿ ಅವರೇ. ಅಲ್ಲಿ ದೂರು ಬರೆಸಿದೆವು.

ಆದ್ದರಿಂದ ಪ್ರತಿನಿಧಿಗಳನ್ನು ಸರದಿಯಂತೆ ಬದಲಿಸಿ. ಪ್ರತಿ ವಾರ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ; ಓದು ಬಾರದವಳಿಗೂ ಕೇಳಿಸಲಿ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಪ್ರಶ್ನೆ ಎತ್ತಿದವಳನ್ನು ಜಗಳಗಂಟಿ ಅನ್ನಬೇಡಿ. ಸಂಘದಲ್ಲಿ ಲೆಕ್ಕ ಕೇಳಲು ಕಲಿತವಳು ನಾಳೆ ಮನೆಯಲ್ಲೂ ಕೇಳುತ್ತಾಳೆ.