ಮೂಸಿಯ ಪ್ರವಾಹವೂ ನಗರದ ಪುನರ್ರಚನೆಯೂ



ಪ್ರಕೃತಿವಿಕೋಪದಿಂದ ಜರ್ಝರಿತವಾದ ನಗರವನ್ನು ಮರಳಿ ಕಟ್ಟುವ ಬಗೆ ಹೇಗೆಂಬುದು ಈ ಸಮ್ಮೇಳನದ ವಿಷಯ. ಈ ಕುರಿತು ತತ್ತ್ವವಿಚಾರಕ್ಕೆ ತೊಡಗುವುದಕ್ಕಿಂತ ಒಂದು ನಗರದ ವೃತ್ತಾಂತವನ್ನೇ ತಮ್ಮ ಮುಂದಿಡುವುದು ಲೇಸೆಂದು ನನಗೆ ತೋರಿದೆ. ಆ ನಗರ ಹೈದರಾಬಾದು. ಅದರ ರಕ್ಷಣೆಯ ಯೋಜನೆಯನ್ನು ರಚಿಸಿಕೊಟ್ಟವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು.

1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ದಡಮೀರಿ ಹರಿದು, ಅಫ್ಜಲ್‌ಗಂಜಿನ ಸುತ್ತಣ ಕೇರಿಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 15,000 ಎಂದು ಹೇಳುವರು. ನದಿಯ ದಡದ ಒಂದು ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಜೀವವುಳಿಸಿಕೊಂಡರು. ಆ ಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ನೋಡಬಹುದು. ಬೊಂಬಾಯಿ ಸರ್ಕಾರದ ಸೇವೆಯಿಂದ ಸ್ವಯಂ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಅವರು ಬಂದು ಕಾರ್ಯಾರಂಭ ಮಾಡಿದರು.

ಬಿದ್ದ ಮನೆಗಳ ಲೆಕ್ಕವನ್ನು ಇತರರು ಹಾಕುತ್ತಿರಲು, ಇವರು ನೀರು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಂಡರು. ನಗರಕ್ಕೆ ಮೇಲ್ಗಡೆಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದುವೆಂದೂ, ಅವುಗಳಲ್ಲಿ 221 ಒಡೆದುವೆಂದೂ ಆ ಶೋಧನೆಯಿಂದ ತಿಳಿಯಿತು. ಅಸಾಧಾರಣವಾದ ಮಳೆಯೇನೋ ಸುರಿದಿತ್ತು; ಆದರೆ ಮೇಲಿನ ಕೆರೆಯ ಕಟ್ಟೆ ಕಿತ್ತು ಆ ನೀರು ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದು, ಒಂದರ ಹಿಂದೊಂದಾಗಿ ಕೂಡಿಬಂದ ಪ್ರವಾಹವು ಬರಿಯ ಮಳೆಯ ನೀರಿಗಿಂತ ಭೀಕರವಾಯಿತು. ರೋಗದ ಮೂಲವು ಊರಿನ ಹೊರಗಿದ್ದುದರಿಂದ ಚಿಕಿತ್ಸೆಯೂ ಅಲ್ಲಿಂದಲೇ ಆರಂಭವಾಗಬೇಕಾಯಿತು: ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲ್ಗಡೆಯಲ್ಲಿ ಪ್ರವಾಹವನ್ನು ತಡೆಯುವ ಜಲಾಶಯಗಳು, ನಗರದೊಳಗೆ ಎತ್ತರಿಸಿದ ದಡಗಳು, ಅವುಗಳ ಮೇಲೆ ಜನರು ತಿರುಗಾಡುವ ಉದ್ಯಾನಗಳು, ಜೊತೆಗೆ ಒಳಚರಂಡಿಯ ವ್ಯವಸ್ಥೆ.

ಮುಂದೆ ನಡೆದುದನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಅದೇ 1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರರಾಗಿ ಹೊರಟುಹೋದರು. 1911ರಲ್ಲಿ ಆರನೆಯ ನಿಜಾಮರು ತೀರಿಕೊಂಡರು. ಯೋಜಕನೂ ಇಲ್ಲ, ಪ್ರಭುವೂ ಇಲ್ಲ. ಆದರೂ ಯೋಜನೆ ಉಳಿಯಿತು. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ ರಸ್ತೆಗಳ ವಿಸ್ತರಣವೂ ಇಕ್ಕಟ್ಟಾದ ಕೇರಿಗಳ ಪುನರ್ರಚನೆಯೂ ನಡೆದುವು. ಪತ್ಥರ್‌ಗಟ್ಟಿಯ ಕಲ್ಲಿನ ಅಂಗಡಿಸಾಲು ಎದ್ದಿತು. 1920ರಲ್ಲಿ ಉಸ್ಮಾನ್‌ಸಾಗರವೂ 1927ರಲ್ಲಿ ಹಿಮಾಯತ್‌ಸಾಗರವೂ ಪೂರ್ಣಗೊಂಡುವು. ಪ್ರವಾಹವಾದ ಹತ್ತೊಂಬತ್ತನೆಯ ವರ್ಷಕ್ಕೆ ಎರಡನೆಯ ಜಲಾಶಯ! ಶಂಕುಸ್ಥಾಪನೆ ಮಾಡಿದವರೇ ಉದ್ಘಾಟನೆಯನ್ನೂ ಮಾಡಬೇಕೆಂಬ ಇಂದಿನ ತವಕದಲ್ಲಿ ಅಂತಹ ಕೆಲಸ ಮುಗಿಯುತ್ತಿತ್ತೆ ಎಂಬ ಸಂದೇಹ ನನಗುಂಟು. ಸಂತ್ರಸ್ತರಿಗೆ ಗಂಜಿಯನ್ನೂ ಚಪ್ಪರವನ್ನೂ ಒದಗಿಸುವುದು ವಾರಗಳ ಮಾತು. ನಗರವನ್ನು ಕಟ್ಟುವುದಕ್ಕೆ ಅಧಿಕಾರವೂ ನಿಧಿಯೂ ಸ್ವಂತವಾಗಿರುವ, ಮಂತ್ರಿಮಂಡಲಗಳು ಬದಲಾದರೂ ಬಾಳುವ ಒಂದು ಸಂಸ್ಥೆ ಬೇಕು. ಆ ಮಂಡಳಿಯ ದೊಡ್ಡ ಗುಣ ಇದೇ. ಆದರೆ ಸುಧಾರಣೆಯ ಹೆಸರಿನಲ್ಲಿ ಗುಡಿಸಲನ್ನು ಕೀಳುವ ಎಲ್ಲ ಮಂಡಳಿಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನದಿಯ ದಡದ ಅಗಸನನ್ನೂ ತರಕಾರಿಯವಳನ್ನೂ ಮೂರು ಹರದಾರಿ ಆಚೆ ಕಳುಹಿಸಿದರೆ ಅವರ ಮನೆ ಉಳಿಯಬಹುದು, ಅನ್ನ ಉಳಿಯುವುದೆ?

ಜಲಾಶಯಗಳು ಕೊಟ್ಟ ಅಭಯದಲ್ಲಿ ನಗರವು ನದಿಯನ್ನು ಮರೆಯಿತು. ಪಾತ್ರದೊಳಕ್ಕೇ ಕಟ್ಟಡಗಳು ಇಳಿದುವು. ಆ ಎರಡು ಸಾಗರಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ನಿರ್ಮಾಣವನ್ನು ನಿರ್ಬಂಧಿಸಿದ್ದ 1996ರ ಸರ್ಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಲಾಯಿತು. ಅದಕ್ಕೆ ಎರಡು ವರ್ಷ ಮೊದಲು, 2020ರ ಅಕ್ಟೋಬರಿನ ಮಳೆಯಲ್ಲಿ, ಗುರ್ರಂ ಚೆರುವು ಎಂಬ ಕೆರೆಯ ಕಟ್ಟೆಯೊಡೆದು ಹಳೆಯ ನಗರದ ಬಡಾವಣೆಗಳು ಮುಳುಗಿದ್ದುವು. ವಿಶ್ವೇಶ್ವರಯ್ಯನವರು ಬರೆದಿಟ್ಟ ಕಾರಣವೇ ಮರುಕಳಿಸಿತ್ತು, ಓದುವವರಿರಲಿಲ್ಲ. ಬೆಂಗಳೂರಿನವರಾದ ನಾವು ಇದನ್ನು ಕೇಳಿ ನಗುವಂತಿಲ್ಲ. ರಾಜಕಾಲುವೆಯ ಮೇಲೆ ಮನೆ ಕಟ್ಟಿ, 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬದಿಯ ಬಡಾವಣೆಗಳಿಂದ ಟ್ರಾಕ್ಟರು ದೋಣಿಗಳಲ್ಲಿ ಹೊರಬಂದವರು ನಮ್ಮವರೇ.

ಆದುದರಿಂದ ವಿಷಯನಿರ್ವಾಹಕ ಸಮಿತಿಯವರಲ್ಲಿ ನನ್ನದೊಂದು ವಿಜ್ಞಾಪನೆ. ಪರಿಹಾರಧನದ ಮೊತ್ತವನ್ನು ಕುರಿತ ನಿರ್ಣಯಗಳು ನಿಮ್ಮ ಮುಂದೆ ಅನೇಕವಿವೆ, ಅವು ಅಂಗೀಕೃತವಾಗಲಿ. ಅವುಗಳಿಗಿಂತ ಮೊದಲು, ಪ್ರತಿಯೊಂದು ನಗರವೂ ತನ್ನ ಮೇಲ್ಗಡೆಯ ಕೆರೆಗಳನ್ನೂ ಅವುಗಳ ಕಟ್ಟೆಗಳ ಸ್ಥಿತಿಯನ್ನೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಪರಿಶೀಲಿಸಿ ಪ್ರಕಟಿಸಬೇಕೆಂಬ ನಿರ್ಣಯವನ್ನು ಈ ಸಮ್ಮೇಳನವು ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.