ವೈನ್ ದ್ರಾಕ್ಷಿಗೆ ಗಿರಾಕಿ ಯಾರು?

ಭಾಗ್ಯನಗರದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ವೈನ್ ದ್ರಾಕ್ಷಿ.

ಹೋದ ತಿಂಗಳು ಯಲಬುರ್ಗಾ ಕಡೆಯಿಂದ ನಮ್ಮ ಕಾಕಾ ಫೋನ್ ಮಾಡಿದ್ರು. ಅವರ 3 ಎಕರೆ ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗ ಬಿದ್ದು, ಗಿಡ ಎಲ್ಲ ಕಿತ್ತು ಹಾಕಿದ್ದಾರೆ. "ತಮ್ಮಾ, ನೀ ಬಿಕಾಂ ಓದೀದಿ. ವೈನ್ ದ್ರಾಕ್ಷಿ ಹಚ್ಚಿದ್ರ ಹೆಂಗ? ಲೆಕ್ಕ ಮಾಡಿ ಹೇಳು" ಅಂದ್ರು.

ನಮ್ಮ ನೆಲದಲ್ಲಿ ಬೆಳೆಯುತ್ತಾ ಅನ್ನೋ ಡೌಟ್ ಬೇಡ. ನಮ್ಮದೇ ಜಿಲ್ಲೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ಸ್ ಇದೆ. ಕ್ಯಾಬರ್ನೆ ಸೋವಿನ್ಯೋನ್, ಸಾಂಜಿಯೋವೇಸೆ ತಳಿ ಬೆಳೆದು ಅಲ್ಲೇ ವೈನ್ ಮಾಡ್ತಾರೆ. 2007ರಲ್ಲೇ ರಾಜ್ಯ ಸರ್ಕಾರ ವೈನ್ ನೀತಿ ತಂದಿದೆ, ವೈನ್ ಮಂಡಳಿಯೂ ಇದೆ.

ಕೆಲಸದ ಕ್ರಮವೂ ಉಳಿದ ದ್ರಾಕ್ಷಿಯಂತೇ. ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅಂದ್ರೆ ಬಳ್ಳಿ ಸವರೋದು. ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು. ಬೇಸಿಗೆ ಏರೋ ಹೊತ್ತಿಗೆ ಕಟಾವು.

ಆದರೆ ಹಣ್ಣೇ ಬೇರೆ. ನಾವು ತಿನ್ನೋ ಥಾಮ್ಸನ್ ದ್ರಾಕ್ಷಿಗೆ ಬೀಜ ಇಲ್ಲ, ಕಾಯಿ ದಪ್ಪ ಆಗಲಿ ಅಂತ ಜಿಬ್ಬರೆಲಿಕ್ ಆಮ್ಲ ಕೊಡ್ತಾರೆ. ವೈನ್ ದ್ರಾಕ್ಷಿ ಸಣ್ಣದು, ಬೀಜ ಇರುತ್ತೆ, ಸಿಪ್ಪೆ ದಪ್ಪ. ಕೆಂಪು ವೈನಿಗೆ ಬಣ್ಣ ಬರೋದು ಆ ಸಿಪ್ಪೆಯಿಂದ, ಒಗರು ಬರೋದು ಸಿಪ್ಪೆ-ಬೀಜದಿಂದ. ಸಕ್ಕರೆ ಅಂಶ ಸುಮಾರು 22ರಿಂದ 24 ಬ್ರಿಕ್ಸ್ ಬೇಕು. ಬಿಸಿಲು ಹೆಚ್ಚಾದ್ರೆ ಸಕ್ಕರೆ ಏರುತ್ತೆ, ಹುಳಿ ಇಳಿಯುತ್ತೆ. ಹಾಗಾಗಿ ಕಟಾವಿಗೆ ಸಿಗೋ ದಿನಗಳು ಕಡಿಮೆ.

ಕಾಮರ್ಸ್ ಓದಿದ ನನಗೆ ಇಲ್ಲೇ ಭಯ ಆಗಿದ್ದು. ಥಾಮ್ಸನ್ ದರ ಬಿದ್ರೆ ವಿಜಯಪುರದ ರೈತರು ಒಣಗಿಸಿ ಒಣದ್ರಾಕ್ಷಿ ಮಾಡ್ತಾರೆ. ವೈನ್ ದ್ರಾಕ್ಷಿಗೆ ಆ ದಾರಿ ಇಲ್ಲ. ಸಂತೆಯಲ್ಲಿ ಇಟ್ರೂ ಯಾರೂ ಕೊಳ್ಳಲ್ಲ. ವೈನರಿಯವರು ಬೇಡ ಅಂದ್ರೆ ಮುಗೀತು. ನಮ್ಮ ಭಾಗ್ಯನಗರದ ಕೂದಲು ವ್ಯಾಪಾರದವರೂ ದೂರದ ಗಿರಾಕಿಯನ್ನೇ ನಂಬಿದವರು. ಆದರೆ ಕೂದಲನ್ನ ದರ ಬರೋವರೆಗೂ ಗೋದಾಮಿನಲ್ಲಿ ಇಡಬಹುದು. ದ್ರಾಕ್ಷಿ ಕಾಯಲ್ಲ.

ಮನೆಯಲ್ಲೇ ಮಾಡಿ ಮಾರೋಣ ಅಂದ್ರೆ ಅಬಕಾರಿ ಲೈಸೆನ್ಸ್ ಬೇಕು. ಸ್ವಂತ ತೋಟ ಇರೋ ವೈನರಿಗೆ ನಮ್ಮ ಹಣ್ಣು ಬೇಕೇ ಬೇಕು ಅಂತಲೂ ಇಲ್ಲ.

ಅದಕ್ಕೆ ಕಾಕಾಗೆ ಹೇಳಿದೆ: "ಸಸಿ ತರೋಕ್ಕಿಂತ ಮೊದಲು ವೈನರಿ ಜೊತೆ ಕರಾರು ಆಗಬೇಕ್ರಿ. ಯಾವ ತಳಿ, ಎಷ್ಟು ಬ್ರಿಕ್ಸ್, ಕೆಜಿಗೆ ಎಷ್ಟು, ಎಷ್ಟು ವರ್ಷಕ್ಕೆ, ಕಟಾವಿನ ದಿನ ಯಾರು ಹೇಳೋದು, ಮಳೆ ಬಂದು ಕೆಟ್ರೆ ನಷ್ಟ ಯಾರದು, ರೊಕ್ಕ ಎಷ್ಟು ದಿನಕ್ಕೆ. ಇಷ್ಟೂ ಬರಹದಲ್ಲಿ ಇರಬೇಕು. ಕಂಬ, ತಂತಿ, ಡ್ರಿಪ್ ಅಂತ ದುಡ್ಡು ಸುರಿದ ಮೇಲೆ ಚೌಕಾಸಿ ಮಾಡೋಕೆ ಬಲ ಇರಲ್ಲ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಹಂಗಾದ್ರ ಈ ಸಲ ಸಜ್ಜಿ ಬಿತ್ತತೇನಿ. ನೀ ಆ ವೈನರಿಯವರನ್ನ ಕೇಳಿ ನೋಡು" ಅಂದ್ರು.

ಕೇಳ್ತಾ ಇದ್ದೀನಿ. ನಿಮ್ಮ ಮನೆಯಲ್ಲೂ ಯಾರಾದರೂ ಹೊಸ ಬೆಳೆ ಅಂತಿದ್ರೆ, ಇಳುವರಿ ಕೇಳೋ ಮೊದಲು ಗಿರಾಕಿ ಎಷ್ಟು ಜನ ಅಂತ ಕೇಳಿ. ಮುಂದಿನ ವಾರ ಸಿಗೋಣ.